ನೀಲಿ ಪಟ್ಟಿಯಾಚೆ ಗುಂಡುಸೂಜಿ

ಕೆಂಪು ತಲೆ ಕೆಳಗೆ, ಮೊನೆ ಮೇಲೆ, ಎರಡು ಟೈಲ್ಸಿನ ನಡುವೆ ಸಿಮೆಂಟು ಕಿತ್ತುಹೋದ ಸಂದಿಯಲ್ಲಿ ಒಂದು ಗುಂಡುಸೂಜಿ ನಿಂತಿದೆ, ಈ ಕೋಣೆಯಲ್ಲಿ ಸದ್ಯಕ್ಕೆ ನೆಟ್ಟಗೆ ನಿಂತಿರುವುದು ಅದೊಂದೇ, ಅದೂ ತಲೆಕೆಳಗಾಗಿ, ಎಂದುಕೊಂಡಳು ಟೈಲರಮ್ಮ, ಎಡಗೆನ್ನೆ ನೆಲಕ್ಕೆ, ಎಡಗೈ ಹೊಟ್ಟೆಯ ಕೆಳಗೆ, ಕನ್ನಡಕ ಮಾತ್ರ ಮೂಗಿನ ಮೇಲೆ ಭದ್ರವಾಗಿದೆ, ಕನ್ನಡಕಕ್ಕೆ ದಾರ ಕಟ್ಟಿಕೊಳ್ಳೋದು ಮುದುಕಿಯರ ಲಕ್ಷಣ ಅಂತ ಅಕ್ಕ ನಗುತ್ತಿದ್ದಳು, ನಗಲಿ, ದಾರ ಇಲ್ಲದಿದ್ದರೆ ಈಗ ಸೂಜಿ ಕಾಣುತ್ತಿತ್ತೇ — ಯಾವಾಗ ಬಿತ್ತು ಈ ಸೂಜಿ, ನೆಲದ ಮೇಲೆ ಸೂಜಿ ಬಿಡೋನು ಟೈಲರೇ ಅಲ್ಲ ಅನ್ನುತ್ತಿದ್ದರು ಅವಳಿಗೆ ಕೆಲಸ ಕಲಿಸಿದ ಕಟಿಂಗ್ ಮಾಸ್ಟರು, ಅಂಗಡಿ ಮುಚ್ಚುವ ಮೊದಲು ಆಯಸ್ಕಾಂತ ಕೊಟ್ಟು ನೆಲವನ್ನೆಲ್ಲ ಸವರಿಸುತ್ತಿದ್ದರು, ಆ ಆಯಸ್ಕಾಂತ ಈಗಲೂ ಇದೆ, ಮಷೀನಿನ ಡ್ರಾಯರಿನಲ್ಲಿದೆ, ಡ್ರಾಯರು ಮೇಲಿದೆ, ಅವಳು ಕೆಳಗಿದ್ದಾಳೆ. ಬಿದ್ದಿಲ್ಲ. ಈ ವಿಷಯ ಮೊದಲು ಸ್ಪಷ್ಟವಾಗಬೇಕು. ಬಿದ್ದಿದ್ದರೆ ಧೊಪ್ಪೆಂದು ಸದ್ದಾಗುತ್ತಿತ್ತು, ಅವಳು ಇಳಿದಿದ್ದಾಳೆ, ಸ್ವಲ್ಪ ಅವಸರದಲ್ಲಿ ಇಳಿದಿದ್ದಾಳೆ, ಅಷ್ಟೇ, ಎದುರು ಮನೆಯ ಹಲ್ಲಿನ ಡಾಕ್ಟರ ಕೋಟಿನ ಬಟ್ಟೆ ನೆಲದ ಮೇಲೆ ಹಾಸಿತ್ತು, ಬೂದು ಬಣ್ಣದ ಉಣ್ಣೆ, ಸೀಮೆಸುಣ್ಣದ ಗೆರೆ ಎಳೆದಾಗಿತ್ತು, ಕತ್ತರಿ ತರಲು ಎದ್ದವಳು ಒಂದು ಕಾಲು ಎತ್ತಿದ್ದಾಳೆ, ಇಳಿಸಲು ಜಾಗವಿಲ್ಲ, ಎಲ್ಲಿ ನೋಡಿದರೂ ಬಟ್ಟೆ, ಬಟ್ಟೆಯನ್ನು ತುಳಿಯುವಂತಿಲ್ಲ, ಜೀವಮಾನದಲ್ಲಿ ತುಳಿದವಳಲ್ಲ, ಎತ್ತಿದ ಕಾಲನ್ನು ಎತ್ತಿಯೇ ಇಟ್ಟುಕೊಂಡು ಕೊಕ್ಕರೆಯ ಹಾಗೆ ಒಂದು ಗಳಿಗೆ ನಿಂತು ಯೋಚಿಸಿದಳು, ಅಷ್ಟು ಹೊತ್ತು ಮಂಡಿ ಕಾಯಲಿಲ್ಲ — ಆದರೂ ಬೀಳುತ್ತ ಬೀಳುತ್ತ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಬಟ್ಟೆಗೆ ಒಂದು ಬೆರಳೂ ತಾಗದಂತೆ, ಛೆ, ಬೀಳುತ್ತ ಅಲ್ಲ, ಇಳಿಯುತ್ತ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಗಂಡಸರ ಗಾದೆ, ಮೀಸೆ ಇಲ್ಲದವರು ಏನನ್ನು ತೋರಿಸಬೇಕು, ಬಟ್ಟೆಯನ್ನು ತೋರಿಸಬಹುದು, ನೋಡಿ, ಒಂದು ಸುಕ್ಕಿಲ್ಲ.

ಮೇಲೆ ಚಾವಣಿಯಲ್ಲಿ ಅವನಿದ್ದಾನೆ, ತಟ್ಟೆಯಷ್ಟಗಲ, ಬೆಳ್ಳಗೆ, ಹಸಿರು ಚುಕ್ಕಿಯೊಂದನ್ನು ಹೊತ್ತಿಸಿಕೊಂಡು, ಅಕ್ಕ ಅವನಿಗೆ ಇಟ್ಟ ಹೆಸರು ಮೇಲಿನವನು, ಮೇಲಿನೋನು ಎಲ್ಲಾ ನೋಡ್ತಿರ್ತಾನೆ ಕಣೇ, ಕಾಲು ಸರಿಯಾಗಿ ಇಟ್ಕೊಂಡು ಕೂತ್ಕೋ — ಮನೆಯಲ್ಲಿ ಬಿದ್ದವರನ್ನು ಕಂಡುಹಿಡಿಯುವ ಯಂತ್ರ, ಅಕ್ಕ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ಅಕ್ಕನ ಮಗ ಕೋಣೆಗೊಂದರಂತೆ ಹಾಕಿಸಿದ್ದು, ಜೋಡಿಸಲು ಬಂದ ಹೆಂಗಸು ಏಣಿಯ ಮೇಲೆ ನಿಂತು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಅದೊಂದೇ ಕಾರಣಕ್ಕೆ ಟೈಲರಮ್ಮನಿಗೆ ಅವಳು ಹಿಡಿಸಿದ್ದಳು, ತಾನೂ ಬಾಯಿ ತುಂಬ ಸೂಜಿ ಕಚ್ಚಿಕೊಂಡು ಗಿರಾಕಿಗಳ ಜೊತೆ ಜಗಳವಾಡಿದವಳಲ್ಲವೇ, ಇದು ಫೋಟೋ ತೆಗೆಯಲ್ಲ ಅಮ್ಮ, ಬರೀ ಅಲೆ ಕಳಿಸಿ ಆಕಾರ ನೋಡುತ್ತೆ, ನಿಂತಿದ್ದ ಆಕಾರ ದಿಢೀರಂತ ನೆಲಕ್ಕೆ ಬಂತೋ, ಬಿದ್ದಿದಾರೆ ಅಂತ ಲೆಕ್ಕ, ಮುಖ ಅದಕ್ಕೆ ಗೊತ್ತಾಗಲ್ಲ, ಅಕ್ಕ ಆದ್ರೂ ಒಂದೇ ತಂಗಿ ಆದ್ರೂ ಒಂದೇ — ಅದ್ಹೇಗಮ್ಮ ಒಂದೇ, ಅಕ್ಕ ಮುಖ ಊದಿಸಿದ್ದಳು, ನಾನು ಇವಳಿಗಿಂತ ಎತ್ತರ. ಪರೀಕ್ಷೆ ಮಾಡಲು ಯಾರಾದರೂ ಬಿದ್ದು ತೋರಿಸಬೇಕಿತ್ತು, ಆ ಹೆಂಗಸೇ ಬಿದ್ದಳು, ಮೊದಲು ಮಂಡಿ, ಆಮೇಲೆ ಮೊಣಕೈ, ಆಮೇಲೆ ಮೆಲ್ಲಗೆ ಮೈ, ಚುಕ್ಕಿ ಹಸಿರಾಗಿಯೇ ಉಳಿಯಿತು, ಅಕ್ಕ ಕುರ್ಚಿಯಲ್ಲಿ ಕೂತು ತಲೆಯಾಡಿಸಿದಳು, ಹಾಗಲ್ಲಮ್ಮ ಬೀಳೋದು, ನೀನು ಮಲಗ್ತಾ ಇದೀಯ, ಬೀಳೋವಾಗ ಮನಸ್ಸು ಬೇರೆ ಕಡೆ ಇರಬೇಕು, ನಾನು ಬಚ್ಚಲಲ್ಲಿ ಸೋಪು ಎಲ್ಲಿ ಹೋಯ್ತು ಅಂತ ಯೋಚಿಸ್ತಿದ್ದೆ, ನೀನೂ ಸೋಪು ಯೋಚಿಸು — ಮೂರನೆಯ ಸಲ ಅವಳು ಸೋಪು ಯೋಚಿಸಿ ಬಿದ್ದಳೋ, ಸುಸ್ತಾಗಿ ನಿಜವಾಗಿಯೇ ಬಿದ್ದಳೋ, ಚುಕ್ಕಿ ಕಿತ್ತಳೆ ಬಣ್ಣಕ್ಕೆ ತಿರುಗಿ ಒಳಗಿಂದ ಬ್ಯಾಂಕಿನ ಫೋನಿನಲ್ಲಿ ಬರುವಂಥ ದನಿಯೊಂದು ಕೇಳಿತು, ನೀವು ಬಿದ್ದಿದ್ದೀರಾ, ಹೌದು ಅಥವಾ ಇಲ್ಲ ಎಂದು ಹೇಳಿ. ಹೌದು ಅಂದರೆ ಮಗನಿಗೆ ಫೋನು ಹೋಗುತ್ತದೆ, ಇಲ್ಲ ಅಂದರೆ ಸಾಲದು, ಎದ್ದು ತೋರಿಸಬೇಕು, ಬಾಯಿ ಮಾತನ್ನು ಅವನು ನಂಬುವುದಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿವಂತ. ಮರುದಿನ ಅಕ್ಕ ಕುರ್ಚಿಯಲ್ಲಿ ಕೊಂಚ ಜೋರಾಗಿ ಕೂತದ್ದಕ್ಕೇ ಬಿದ್ದಿದ್ದೀರಾ ಎಂದು ಕೇಳಿದ, ಅಕ್ಕನಿಗೆ ಮಾತಾಡಲು ಒಬ್ಬ ಸಿಕ್ಕ ಹಾಗಾಯಿತು, ಈಗ ಬಿದ್ದಿಲ್ಲಪ್ಪ, ಆದ್ರೆ ಮದುವೆಗೆ ಮುಂಚೆ ಒಂದ್ಸಲ ಮಹಡಿ ಮೆಟ್ಟಿಲಿಂದ ಬಿದ್ದಿದ್ದೆ, ಯಾರ ತಪ್ಪು ಅಂತ ಕೇಳು, ಎಂದು ಶುರುಮಾಡಿದಳು, ಹೌದೂ ಅಲ್ಲದ ಇಲ್ಲವೂ ಅಲ್ಲದ ಉತ್ತರಕ್ಕೆ ಮೇಲಿನವನು ಗಾಬರಿಬಿದ್ದು ಮಗನಿಗೆ ಫೋನು ಹಚ್ಚಿದ.

ಆದರೆ ಅಸಲು ತಲೆನೋವಾದವಳು ಟೈಲರಮ್ಮನೇ, ಅವಳು ಬಟ್ಟೆ ಕತ್ತರಿಸುವುದು ನೆಲದ ಮೇಲೆ, ಮೇಜಿನ ಮೇಲೆ ಹಾಕಿದ ಬಟ್ಟೆ ಅಂಚಿನಿಂದ ಜೋತುಬಿದ್ದು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ನೆಲದ ಮೇಲೆ ಬಟ್ಟೆ ಸುಳ್ಳು ಹೇಳಲ್ಲ ಎಂದಿದ್ದರು ಕಟಿಂಗ್ ಮಾಸ್ಟರು, ಹಾಗಾಗಿ ಸೀಮೆಸುಣ್ಣ ಹಿಡಿದು ನಾಲ್ಕು ಕಾಲಲ್ಲಿ ಹರಿದಾಡುತ್ತಾಳೆ, ಕೆಲವೊಮ್ಮೆ ಗೆರೆ ನೇರವಾಗಿದೆಯೇ ಎಂದು ಕೆನ್ನೆ ನೆಲಕ್ಕಿಟ್ಟು ನೋಡುತ್ತಾಳೆ, ಪ್ರತಿ ಸಲವೂ ಮೇಲಿನವನಿಗೆ ಎದೆ ಒಡೆದುಹೋಗುತ್ತಿತ್ತು, ಅಕ್ಕನ ಮಗ ಓಡಿಬರುತ್ತಿದ್ದ, ಡ್ರೈವಿಂಗ್ ಶಾಲೆ ನಡೆಸುವವನು, ಒಂದು ದಿನ ಕಲಿಯಲು ಬಂದ ಹೆಂಗಸನ್ನೂ ಕರೆದುಕೊಂಡೇ ಬಂದ, ಅವಳನ್ನು ಸರ್ಕಲ್ಲಿನ ನಡುವೆ ಬಿಟ್ಟುಬರುವುದು ಹೇಗೆ, ಪಾಪ, ಅವಳು ಬಾಗಿಲಲ್ಲಿ ಸ್ಟಿಯರಿಂಗ್ ಹಿಡಿದಂತೆ ಎರಡೂ ಕೈ ಮುಂದೆ ಮಾಡಿಕೊಂಡೇ ನಿಂತಿದ್ದಳು. ಕೊನೆಗೆ ಸ್ಕ್ರೂ ಕಚ್ಚುವ ಹೆಂಗಸನ್ನು ಮತ್ತೆ ಕರೆಸಿದರು, ಅವಳು ಫೋನಿನಲ್ಲಿ ಕೋಣೆಯ ನಕ್ಷೆ ತೆಗೆದು ಕತ್ತರಿಸುವ ಜಾಗಕ್ಕೆ ಬೆರಳಲ್ಲೇ ಒಂದು ಚೌಕ ಎಳೆದಳು, ಇದರೊಳಗೆ ಏನಾದ್ರೂ ಮಾಡ್ಕೊಳಿ ಅಮ್ಮ, ಉರುಳಿ, ಹೊರಳಿ, ಅದು ಕಣ್ಣು ಮುಚ್ಕೊಂಡಿರುತ್ತೆ, ಕೈಕಾಲು ಹೊರಗೆ ಬಂದ್ರೂ ಪರ್ವಾಗಿಲ್ಲ, ಎದೆ ಗೆರೆ ದಾಟಿದ್ರೆ ಮಾತ್ರ ಎಚ್ಚರ ಆಗುತ್ತೆ. ಫೋನಿನೊಳಗಿನ ಗೆರೆ ಮುದುಕಿಯ ಕಣ್ಣಿಗೆ ನೆಲದ ಮೇಲೆ ಹೇಗೆ ಕಾಣಬೇಕು, ಟೈಲರಮ್ಮ ಅಂದೇ ಅಳತೆ ಹಿಡಿದು ಸುತ್ತಲೂ ನೀಲಿ ಅಂಟುಪಟ್ಟಿ ಹಚ್ಚಿದಳು, ಮೂಲೆಗೆ ಮೂಲೆ ಕೂಡಿಸಿ, ಕಾಲರು ಕೂಡಿಸಿದ ಹಾಗೆ. ಈಗ ಅವಳು ಬಿದ್ದಿರುವುದು, ಇಳಿದಿರುವುದು, ಸರಿಯಾಗಿ ಆ ಚೌಕದೊಳಗೆ. ಸೂಜಿ ಪಟ್ಟಿಯ ಆಚೆ. ಮೇಲಿನವನ ಲೆಕ್ಕದಲ್ಲಿ ಟೈಲರಮ್ಮ ಕೆಲಸ ಮಾಡುತ್ತಿದ್ದಾಳೆ.

ಅದೇ ಒಳ್ಳೆಯದಾಯಿತು, ಏಕೆಂದರೆ ಅಕ್ಕನ ಮಗನಿಗೆ ಇದು ತಿಳಿಯಕೂಡದು, ಅವನು ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುವವನು, ಊಟಕ್ಕೆ ಕೂತಾಗಲೂ ಕಾಲು ತಾನಾಗಿ ನೆಲ ಒತ್ತುತ್ತದೆ, ಮಾತಿಗೊಮ್ಮೆ ನಿಧಾನ ನಿಧಾನ ಅನ್ನುತ್ತಾನೆ, ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು, ಒಳ್ಳೆಯವರ ಕಾಟಕ್ಕೆ ಮದ್ದಿಲ್ಲ — ಅಮ್ಮ ಬಿದ್ರೆ ಎತ್ತೋಕೆ ನೀವಿದೀರ ಚಿಕ್ಕಮ್ಮ, ಆ ಧೈರ್ಯದ ಮೇಲೆ ಇಬ್ರನ್ನೂ ಇಲ್ಲಿ ಬಿಟ್ಟಿದೀನಿ, ನೀವೇ ಬಿದ್ರೆ ಎತ್ತೋರು ಯಾರು, ಅವತ್ತಿಗೆ ಈ ಮನೆ ಸಾಕು ಮಾಡೋಣ, ಅಮ್ಮ ನಮ್ಮಲ್ಲಿಗೆ ಬರ್ಲಿ, ನಿಮಗೂ ಒಂದು ಒಳ್ಳೆ ಜಾಗ ನೋಡಿಟ್ಟಿದೀನಿ, ನೋಡಿ — ಫೋನಿನಲ್ಲಿ ತೋರಿಸಿದ, ಹೂವಿನ ಕುಂಡಗಳು, ಬೆಂಚು, ಬೆಂಚಿನ ಮೇಲೆ ಹಲ್ಲು ಬಿಟ್ಟುಕೊಂಡು ಸಾಲಾಗಿ ಕೂತ ಮುದುಕ ಮುದುಕಿಯರು, ಒಬ್ಬರಿಗಾದರೂ ಅಂಗಿ ಭುಜದಲ್ಲಿ ಸರಿಯಾಗಿ ಕೂತಿರಲಿಲ್ಲ, ಇವರ ಜೊತೆ ಹೇಗೆ ಬಾಳುವುದು. ಅವನ ಮನೆಯಲ್ಲಿ ಹೆಚ್ಚಿಗೆ ಇರುವುದು ಒಂದು ಕೋಣೆ, ಆ ಕೋಣೆಯಲ್ಲಿ ಒಂದು ಮಂಚ, ಆ ಮಂಚ ಅಕ್ಕನಿಗೆ, ನ್ಯಾಯವೇ, ಹೆತ್ತ ತಾಯಿ, ಅಕ್ಕ ಅಲ್ಲಿ, ಇವಳು ಕುಂಡಗಳ ಪಕ್ಕದಲ್ಲಿ, ನಡುವೆ ಎರಡು ಬಸ್ಸು ಬದಲಿಸುವಷ್ಟು ದೂರ. ಅಕ್ಕ ಸತ್ತರೆ ಅತ್ತು ಸುಮ್ಮನಾಗಬಹುದು, ಬದುಕಿದ್ದೂ ಜಗಳಕ್ಕೆ ಸಿಗದಿದ್ದರೆ — ಈ ಭಂಗಿಯಲ್ಲಿ ಅಳುವಂತೆಯೂ ಇಲ್ಲ, ಬಲಗಣ್ಣಿನ ನೀರು ಮೂಗು ದಾಟಿ ಎಡಗಣ್ಣಿಗೆ ಇಳಿಯುತ್ತದೆ, ಒಂದೇ ನೀರಿನಲ್ಲಿ ಎರಡು ಸಲ ಅತ್ತ ಹಾಗೆ.

ಏಳಬೇಕು, ಗುಟ್ಟಾಗಿ ಏಳಬೇಕು, ಸೊಂಟ ಹಿಡಿದುಕೊಂಡಿದೆ, ಮುರಿದಿಲ್ಲ, ಮುರಿದಿದ್ದರೆ ಕಾಲ ಬೆರಳು ಆಡುತ್ತಿರಲಿಲ್ಲ, ಆಡುತ್ತಿವೆ, ಹತ್ತೂ ಆಡುತ್ತಿವೆ, ಮೊದಲು ಮಗುಚಿಕೊಳ್ಳಬೇಕು, ನಾಲ್ಕು ತಿಂಗಳ ಮಗು ಮಗುಚಿಕೊಂಡರೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ, ಎಪ್ಪತ್ತು ದಾಟಿದವಳು ಮಗುಚಿಕೊಂಡರೆ ಕೇಳುವವರಿಲ್ಲ — ಒಂದು, ಎರಡು, ಅಯ್ಯಪ್ಪ, ಎಡಗೈ ಹೊಟ್ಟೆಯ ಕೆಳಗಿಂದ ಬಂತು, ಅಷ್ಟಕ್ಕೇ ಒಂದು ಕೋಟು ಹೊಲಿದಷ್ಟು ಆಯಾಸ. ಫೋನು ಮಷೀನಿನ ಮೇಲಿದೆ. ಕೂಗಿದರೆ ಹಲ್ಲಿನ ಡಾಕ್ಟರಿಗೆ ಕೇಳಿಸಬಹುದು, ಅವರ ಬಳಿ ಈ ಮನೆಯ ಇನ್ನೊಂದು ಕೀ ಇದೆ, ಆದರೆ ಅವರು ಊರವರ ಬಾಯಿ ತೆರೆಸುವುದರಲ್ಲಿ ಎಷ್ಟು ನಿಪುಣರೋ ತಮ್ಮ ಬಾಯಿ ಮುಚ್ಚಿಕೊಳ್ಳುವುದರಲ್ಲಿ ಅಷ್ಟೇ ದಡ್ಡರು, ಸಂಜೆಯೊಳಗೆ ಅಕ್ಕನ ಮಗನಿಗೆ ವರದಿ ಹೋಗುತ್ತದೆ, ಬೇಡ. ಕೊರಳಲ್ಲಿ ಅಳತೆ ಟೇಪು ಇದೆ, ಮಷೀನಿನ ಮುಂದೆ ಚಕ್ರದ ಸ್ಟೂಲಿದೆ, ಟೇಪನ್ನು ಕುಣಿಕೆ ಮಾಡಿ ಎಸೆದಳು, ತಪ್ಪಿತು, ಎಸೆದಳು, ತಪ್ಪಿತು, ಮತ್ತೆ ಎಸೆದಳು, ಸ್ಟೂಲಿನ ಕಾಲಿಗೆ ಬಿತ್ತು, ಭಲೇ ಎಂದು ತನಗೆ ತಾನೇ ಹೇಳಿಕೊಂಡು ಎಳೆದಳು, ಸ್ಟೂಲು ಕರೆದ ಕೂಡಲೇ ಬಂತು, ಇಷ್ಟು ವಿಧೇಯವಾದ ಸ್ಟೂಲು ಎಂದು ಗೊತ್ತಿರಲಿಲ್ಲ, ನಿಲ್ಲುವುದೊಂದು ಅದಕ್ಕೆ ಬರುವುದಿಲ್ಲ, ಬಂದ ವೇಗದಲ್ಲೇ ಹಣೆಗೆ ಢಣ್ ಎಂದು ಗುದ್ದಿ ಪಕ್ಕಕ್ಕೆ ಹೋಗಿ ಗೋಡೆಗೆ ಒರಗಿ ನಿಂತಿತು. ಗೋಡೆಯಾಚೆ ಟಿವಿ, ಅಕ್ಕನದು ಕಾಡುಪ್ರಾಣಿಗಳ ಕಾರ್ಯಕ್ರಮ, ಕಿವಿಯ ಯಂತ್ರ ಸಿಳ್ಳೆ ಹಾಕುತ್ತದೆಂದು ತೆಗೆದು ಬಟ್ಟಲಲ್ಲಿ ಹಾಕಿಬಿಟ್ಟಿರುತ್ತಾಳೆ, ಬರೀ ಚಿತ್ರ ನೋಡುತ್ತಾಳೆ, ಆದರೂ ದನಿ ಜೋರಾಗಿರಬೇಕು, ಯಾಕೆ ಎಂದರೆ ನೀನಾದ್ರೂ ಕೇಳಿಸ್ಕೊಳ್ಳಲಿ ಅಂತ — ಗಾಯಗೊಂಡ ಜಿಂಕೆ ಹಿಂಡಿನಿಂದ ಬೇರ್ಪಟ್ಟಿದೆ, ಎನ್ನುತ್ತಿದೆ ಟಿವಿ, ಕತ್ತೆಕಿರುಬಗಳಿಗೆ ಈ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ — ಬಾಯ್ಮುಚ್ಚು, ಎಂದಳು ಟೈಲರಮ್ಮ ಟಿವಿಗೆ.

ಜಿಂಕೆಯ ಕಥೆ ಮುಗಿದರೆ ಅಕ್ಕ ಟೀ ಕೇಳಲು ಬರುತ್ತಾಳೆ, ಬಾಗಿಲಿಂದ ನೇರವಾಗಿ ಬರುತ್ತಾಳೆ, ಸೂಜಿ ಇರುವುದು ಬಾಗಿಲಿಗೂ ಪಟ್ಟಿಗೂ ನಡುವೆ, ಬರಿಗಾಲಲ್ಲಿ ಬರುತ್ತಾಳೆ, ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿ ಟಿವಿಯ ಮುಂದೆ ಅಲಂಕಾರಕ್ಕೆ, ಚಪ್ಪಲಿ ಹಾಕ್ಕೊಂಡ್ರೆ ಆಸ್ಪತ್ರೆಯಲ್ಲಿ ಇದ್ದ ಹಾಗಾಗುತ್ತೆ ಕಣೇ. ಸಕ್ಕರೆ ಕಾಯಿಲೆ ಅವಳ ಅಂಗಾಲಿನ ಅರಿವನ್ನೇ ತಿಂದುಹಾಕಿದೆ, ಹಿಂದೊಮ್ಮೆ ಗಾಜಿನ ಚೂರು ಚುಚ್ಚಿಕೊಂಡು ಮನೆಯೆಲ್ಲ ಓಡಾಡಿದ್ದಳು, ನೆಲದ ಮೇಲಿನ ಕೆಂಪು ಕಂಡು, ಯಾವ ಬಟ್ಟೆ ಬಣ್ಣ ಬಿಡ್ತಿದೆಯೇ ನೋಡು ಎಂದಿದ್ದಳು, ಆ ಗಾಯ ಮಾಗುವಷ್ಟರಲ್ಲಿ ಡಾಕ್ಟರು ಬೆರಳು ತೆಗೆಯುವ ಮಾತಾಡಿದ್ದರು, ಟೈಲರಮ್ಮ ಆಗ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು, ಅಕ್ಕನಿಗೆ ಕೇಳಿಸದಿರಲೆಂದು, ಅಕ್ಕನಿಗೆ ಹೇಗೂ ಕೇಳಿಸುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಸೂಜಿಯ ಕಡೆ ಬಲಗೈ ಚಾಚಿದಳು, ಬೆರಳ ತುದಿಗೂ ಅದಕ್ಕೂ ಇನ್ನೂ ಒಂದು ಗೇಣು, ಕಣ್ಣಳತೆಯಲ್ಲಿ ಅವಳು ತಪ್ಪುವುದಿಲ್ಲ, ಒಂದು ಗೇಣು ಮುಂದೆ ಹೋಗಬೇಕೆಂದರೆ ಎದೆ ನೀಲಿ ಪಟ್ಟಿ ದಾಟಬೇಕು, ಎದೆ ದಾಟಿದರೆ ಮೇಲಿನವನಿಗೆ ಎಚ್ಚರ, ಅವನಿಗೆ ಎಚ್ಚರವಾದರೆ ಮಗ, ಮಗ ಬಂದರೆ ಬೆಂಚು, ಕುಂಡ, ಭುಜ ಕೂರದ ಅಂಗಿಗಳು. ಕೆಂಪು ತಲೆ ಕೆಳಗೆ, ಮೊನೆ ಮೇಲೆ.

ಅಕ್ಕನಿಗೆ ಹೇಳಿ ಗುಟ್ಟು ಮಾಡೋಣವೆಂದರೆ ಅದು ಡಂಗುರಕ್ಕೆ ಪಿಸುಮಾತು ಹೇಳಿದ ಹಾಗೆ, ಹುಟ್ಟಿನಿಂದಲೇ ಅವಳು ಹಾಗೆ, ಇವಳು ಬೇಲಿ ಹಾರಿ ಬಿದ್ದರೆ ಮಣ್ಣು ಕೊಡವಿಕೊಳ್ಳುವ ಮೊದಲೇ ಅಮ್ಮಾ ಇವಳು ಬಿದ್ಲು, ಮರದಿಂದ ಜಾರಿದರೆ ಅಮ್ಮಾ ಇವಳು ಬಿದ್ಲು, ಸೈಕಲ್ ಕಲಿಸುತ್ತೇನೆಂದು ಸೀಟಿನ ಹಿಂದೆ ಕೈಯಿಟ್ಟು ಓಡಿಬಂದವಳು, ಹಿಡ್ಕೊಂಡಿದೀನಿ, ತುಳಿ, ಹಿಡ್ಕೊಂಡಿದೀನಿ ಎನ್ನುತ್ತಿದ್ದಳು, ದನಿ ಬರಬರುತ್ತ ದೂರವಾಯಿತು, ತಿರುಗಿ ನೋಡಿದರೆ ಅಕ್ಕ ಬೀದಿಯ ಆ ತುದಿಯಲ್ಲಿ ನಿಂತೇ ಹಿಡಿದುಕೊಂಡಿದ್ದಳು, ಇವಳು ಚರಂಡಿಗೆ, ಚರಂಡಿಯೊಳಗಿನಿಂದಲೇ ಕೇಳಿಸಿತು ಅಮ್ಮಾ ಇವಳು ಬಿದ್ಲು. ಅಂಥವಳಿಗೆ ಕೆಲಸ ಸಿಕ್ಕಿದ್ದಾದರೂ ಎಲ್ಲಿ, ಬಸ್ ನಿಲ್ದಾಣದ ಮೈಕಿನ ಮುಂದೆ, ಪ್ರಯಾಣಿಕರು ಗಮನಿಸಬೇಕು ಎಂದು ಒಂದು ಸಲ ಅಂದರೆ ಪ್ರಯಾಣಿಕರಲ್ಲದವರೂ ನಿಂತು ಗಮನಿಸುತ್ತಿದ್ದರು, ನಿವೃತ್ತಿಯಾದದ್ದು ಮೈಕಿಗೆ ಮಾತ್ರ, ಈಗಲೂ ಮನೆಯಲ್ಲಿ ಟೀ ತಡವಾದರೆ ತಡವಾಗಿದೆ ಎಂದು ಘೋಷಿಸುತ್ತಾಳೆ, ಅನಾನುಕೂಲಕ್ಕೆ ವಿಷಾದಿಸುವುದಿಲ್ಲ. ಮಷೀನಿನ ಬಗ್ಗೆಯೂ ದಿನಾ ಒಂದು ದೂರು, ಅಕ್ಕನ ಕುರ್ಚಿ ಗೋಡೆಯ ಆ ಕಡೆ, ಇವಳ ಮಷೀನು ಈ ಕಡೆ, ನೀನು ಹೊಲಿಯೋಕೆ ಶುರುಮಾಡಿದ್ರೆ ನನ್ನ ಬೆನ್ನೆಲ್ಲ ಗಡಗಡ ಅನ್ನುತ್ತೆ, ಮಷೀನು ಆ ಮೂಲೆಗೆ ಇಟ್ಕೋ — ಅಲ್ಲಿ ಬೆಳಕಿಲ್ಲ ಅಕ್ಕ, ನೀನು ಕುರ್ಚಿ ಆ ಮೂಲೆಗೆ ಹಾಕ್ಕೋ — ಅಲ್ಲಿ ಗಾಳಿ ಇಲ್ಲ — ಇಬ್ಬರೂ ಹಠಮಾರಿಗಳು, ಮಷೀನೂ ಅಲ್ಲೇ, ಕುರ್ಚಿಯೂ ಅಲ್ಲೇ.

ಟಿವಿ ನಿಂತಿತು. ಜಿಂಕೆ ಏನಾಯಿತೋ, ಕಾರ್ಯಕ್ರಮ ಮುಗಿದ ಸಂಗೀತ ಬರಲಿಲ್ಲ, ನಡುವೆಯೇ ಆರಿಸಿದ್ದಾಳೆ, ಅಕ್ಕ ಕಾರ್ಯಕ್ರಮ ನಡುವೆ ಆರಿಸುವವಳಲ್ಲ, ಕುರ್ಚಿ ಕಿರುಗುಟ್ಟಿತು, ಗೋಡೆ ಸವರಿಕೊಂಡು ಬರುವ ಅಂಗೈಯ ಸದ್ದು, ವಾಕರಿನ ಟಕ್ ಟಕ್ ಇಲ್ಲ, ಅದನ್ನೂ ಬಿಟ್ಟು ಬಂದಿದ್ದಾಳೆ ಮಹಾರಾಣಿ, ಬಾಗಿಲ ಹತ್ತಿರ ಎರಡು ಪಾದ ಕಂಡವು, ನೆಲದ ಮಟ್ಟದಿಂದ ನೋಡಿದರೆ ಎಷ್ಟು ದೊಡ್ಡವು, ಊದಿಕೊಂಡ ಹೆಬ್ಬೆರಳು, ಬಿರುಕು ಬಿಟ್ಟ ಹಿಮ್ಮಡಿ, ಬರಿಗಾಲು, ಹೇಳಲಿಲ್ಲವೇ ಬರಿಗಾಲು ಎಂದು — ಅಕ್ಕಾ, ನಿಲ್ಲು, ಎಂದಳು, ಅಕ್ಕಾ, ಸೂಜಿ, ನಿಲ್ಲು — ಅಕ್ಕನ ಕಿವಿಗಳು ಬಟ್ಟಲಲ್ಲಿವೆ, ಅವಳ ಕಣ್ಣು ಮಷೀನಿನ ಮೇಲಿದೆ, ತಂಗಿ ಇರಬೇಕಾದ ಎತ್ತರದಲ್ಲಿ ತಂಗಿಯನ್ನು ಹುಡುಕುತ್ತಿದೆ, ನೆಲದ ಮೇಲೆ ಯಾರು ಹುಡುಕುತ್ತಾರೆ, ಬಲಪಾದ ಮುಂದೆ ಬಂತು, ಎಡಪಾದ ಬಂತು, ಬಲಪಾದ ಮತ್ತೆ ಎದ್ದಿತು, ಅದು ಇಳಿಯುವ ಜಾಗ ಟೈಲರಮ್ಮನ ಕಣ್ಣಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಷ್ಟು ಸ್ಪಷ್ಟ, ಕೆಂಪು ತಲೆ ಕೆಳಗೆ, ಮೊನೆ ಮೇಲೆ, ಪಟ್ಟಿ ಹಾಳಾಗಿ ಹೋಗಲಿ, ಬೆಂಚು ಹಾಳಾಗಿ ಹೋಗಲಿ, ಎರಡೂ ಮೊಣಕೈ ಊರಿ ಮೈಯನ್ನು ಮುಂದಕ್ಕೆ ಎಸೆದಳು, ಸೊಂಟದಲ್ಲಿ ಏನೋ ಕಿತ್ತುಬಂದಂತಾಯಿತು, ಎದೆ ನೀಲಿ ಪಟ್ಟಿ ದಾಟಿತು, ಕೈ ಸೂಜಿಯನ್ನು ಬಾಚಿ ಮುಷ್ಟಿ ಕಟ್ಟಿ ಹಿಂದೆ ಬಂತು, ಅಕ್ಕನ ಪಾದ ಬರೀ ನೆಲದ ಮೇಲೆ ಇಳಿಯಿತು.

ಚುಕ್ಕಿ ಕಿತ್ತಳೆಯಾಯಿತು. ನೀವು ಬಿದ್ದಿದ್ದೀರಾ, ಹೌದು ಅಥವಾ ಇಲ್ಲ ಎಂದು ಹೇಳಿ — ಇಲ್ಲ, ಎಂದಳು ಟೈಲರಮ್ಮ. ನೀವು ಇನ್ನೂ ನೆಲದ ಮೇಲಿದ್ದೀರಿ, ಎಂದ ಮೇಲಿನವನು. ಅದು ನನ್ನಿಷ್ಟ, ಎಂದಳು. ನಿಮ್ಮ ಆಪ್ತರಿಗೆ ಕರೆ ಮಾಡಲಾಗುತ್ತಿದೆ. ಅಕ್ಕ ಈಗ ತಲೆ ಬಗ್ಗಿಸಿ ನೋಡಿದಳು, ತಂಗಿಯನ್ನು ನೋಡಿದಳು, ಹರಡಿದ ಬಟ್ಟೆಯನ್ನು ನೋಡಿದಳು, ಗೋಡೆಗೆ ಒರಗಿದ ಸ್ಟೂಲನ್ನು, ಅದರ ಕಾಲಿಗೆ ಸುತ್ತಿಕೊಂಡ ಅಳತೆ ಟೇಪನ್ನು, ಕೊನೆಗೆ ಚಾವಣಿಯ ಕಿತ್ತಳೆ ಚುಕ್ಕಿಯನ್ನು, ಬಾಯಿ ತೆರೆದಳು, ಬಂತು, ಎಂದುಕೊಂಡಳು ಟೈಲರಮ್ಮ, ಅಮ್ಮಾ ಇವಳು ಬಿದ್ಲು, ಅಮ್ಮ ಇಲ್ಲ, ಮಗ ಇದ್ದಾನೆ, ಅಷ್ಟೇ ವ್ಯತ್ಯಾಸ — ಮೇಲಿನಿಂದ ಮಗನ ದನಿ ಬಿತ್ತು, ಅಮ್ಮಾ, ಚಿಕ್ಕಮ್ಮಾ, ಯಾರು ಬಿದ್ದಿದ್ದು, ಮೇಡಂ ಎಡಕ್ಕೆ ತಗೊಳಿ, ಎಡಕ್ಕೆ, ನಿಧಾನ, ಹಲೋ, ಯಾರು ಬಿದ್ದಿದ್ದು. ಅಕ್ಕ ತೆರೆದ ಬಾಯನ್ನು ಮುಚ್ಚಿದಳು. ಬಾಗಿಲ ಚೌಕಟ್ಟು ಹಿಡಿದಳು, ಒಂದು ಮಂಡಿ ಬಗ್ಗಿಸಿದಳು, ಎಂಬತ್ತು ದಾಟಿದ ಮಂಡಿ ಪಟ್ ಎಂದಿತು, ಇನ್ನೊಂದು ಬಗ್ಗಿಸಿದಳು, ಕೂತಳು, ಕೂತವಳು ಮೆಲ್ಲಗೆ ಮಗ್ಗುಲಾಗಿ, ಪಟ್ಟಿಯ ಹೊರಗೇ, ತಂಗಿಯ ಮುಖಕ್ಕೆ ಮುಖ ಕೊಟ್ಟು ಉದ್ದಕ್ಕೆ ಮಲಗಿದಳು, ಬೀಳೋದು ಹಾಗಲ್ಲಮ್ಮ ಎಂದು ಊರಿಗೆಲ್ಲ ಪಾಠ ಹೇಳಿದವಳು ಇಷ್ಟು ಕೆಟ್ಟದಾಗಿ ಬಿದ್ದದ್ದನ್ನು ಟೈಲರಮ್ಮ ನೋಡಿರಲಿಲ್ಲ, ಚಾವಣಿಯಿಂದ ಯಾರು ಏನು ಕೇಳಿದರೋ ಅಕ್ಕನಿಗೆ ಒಂದೂ ಕೇಳಿಸಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ, ಮೈಕಿನ ಮುಂದಿನ ಆ ಹಳೆಯ ದನಿಯನ್ನು ಹೊಟ್ಟೆಯಿಂದ ಎತ್ತಿದಳು, ಗಮನಿಸಬೇಕು, ಗಮನಿಸಬೇಕು, ಬಿದ್ದಿರುವುದು ನಾನು, ನಿಮ್ಮ ತಾಯಿ, ಎಂದಿನಂತೆ ಬಿದ್ದಿದ್ದೇನೆ, ಪೆಟ್ಟಾಗಿಲ್ಲ, ನಿಮ್ಮ ಚಿಕ್ಕಮ್ಮ ಗಟ್ಟಿಯಾಗಿದ್ದಾರೆ, ನನ್ನ ಪಕ್ಕದಲ್ಲೇ ಇದ್ದಾರೆ, ನಾನು ದಪ್ಪಗಾಗಿರುವುದರಿಂದ ಎತ್ತಲಾಗುತ್ತಿಲ್ಲ, ದಯವಿಟ್ಟು ನಿಧಾನವಾಗಿ ಬನ್ನಿ.

ಬಂದೆ ಅಮ್ಮ, ಅಲುಗಾಡ್ಬೇಡಿ, ಎಂದು ಮೇಲಿನಿಂದ ಕೇಳಿಸಿ ಕಟ್ಟಾಯಿತು. ಅಕ್ಕ ತನ್ನ ಪಿಸುದನಿಯಲ್ಲಿ, ಕಿವುಡರ ಪಿಸುದನಿ, ಎದುರು ಮನೆಯಲ್ಲಿ ಬಾಯಿ ತೆರೆದು ಕೂತ ರೋಗಿಗೂ ಕೇಳುವಂಥದ್ದು, ಏನೇ, ನೀನು ಎತ್ತೋಕೆ ಬಂದವಳು, ಬಿದ್ದವಳಲ್ಲ, ಎದ್ದು ಗೋಡೆಗೆ ಒರಗಿ ಕೂತ್ಕೋ, ಅವನು ಬರೋದ್ರೊಳಗೆ, ನನ್ನ ಕಾಲು ಹಿಡ್ಕೋ, ಹೂಂ, ಎಳಿ, ನನಗೇನು ನೋವಾಗಲ್ಲ — ಪಾದವನ್ನು ತಂಗಿಯ ಕಡೆ ಚಾಚಿದಳು, ಟೈಲರಮ್ಮ ಎಡಗೈಯಲ್ಲಿ ಆ ಪಾದ ಹಿಡಿದು, ಬಲಮುಷ್ಟಿಯನ್ನು ನೆಲಕ್ಕೊತ್ತಿ, ಒಂದು, ಎರಡು, ಅಯ್ಯಪ್ಪ, ಮೈ ಮೇಲಕ್ಕೆ ಬಂತು, ಬೆನ್ನು ಗೋಡೆ ಸೇರಿತು, ಕೂತಳು, ಪಾದ ಮಡಿಲಲ್ಲೇ ಉಳಿಯಿತು, ತಿರುಗಿಸಿ ನೋಡಿದಳು, ಅಂಗಾಲು ಪೂರಾ ಇದೆ, ಬಿರುಕುಗಳು ಹಳೆಯವು, ಹೊಸ ತೂತು ಒಂದೂ ಇಲ್ಲ. ಹೇಗೆ ಗೊತ್ತಾಯ್ತು ಅಕ್ಕ, ಎಂದು ತುಟಿ ಅಗಲಿಸಿ ಕೇಳಿದಳು, ತುಟಿ ಓದಲು ಅಕ್ಕನಿಗೆ ಬರುತ್ತದೆ, ಬೇಕಾದಾಗ ಮಾತ್ರ. ಕುರ್ಚಿ ಸುಮ್ಮನಾಗಿತ್ತಲ್ಲೇ, ಎಂದಳು ಅಕ್ಕ, ಕೋಟು ಕತ್ತರಿಸೋಕೆ ನಿನಗೆ ಎಷ್ಟು ಹೊತ್ತು ಬೇಕು ಅಂತ ನನ್ನ ಬೆನ್ನಿಗೆ ಗೊತ್ತು, ಇಷ್ಟು ಹೊತ್ತು ಬೇಡ, ಜಿಂಕೆ ಕಥೆ ಬಿಟ್ಟು ಬಂದೆ, ಅದು ಬದುಕ್ತೋ ಸತ್ತಿತೋ ಇನ್ನು ಯಾರನ್ನ ಕೇಳೋದು. ಕೆಳಗೆ ಕಾರಿನ ಬ್ರೇಕು, ಮೆಟ್ಟಿಲ ಮೇಲೆ ಹೆಜ್ಜೆ, ನಿಧಾನ ನಿಧಾನ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಓಡಿಬರುವ ಸದ್ದು, ಹಿಂದೆ ಇನ್ನೊಂದು ಜೊತೆ ಹೆಜ್ಜೆ, ಪಾಪ, ಕಾರು ಕಲಿಯುವ ಹೆಂಗಸು, ಬರುತ್ತಿದ್ದಾರೆ, ಮುಖ ಒರೆಸಿಕೊಳ್ಳಬೇಕು, ಹಣೆಯ ಬುಗುಟಿಗೆ ಒಂದು ಸುಳ್ಳು ಹುಡುಕಬೇಕು, ಅಕ್ಕನನ್ನು ಎತ್ತಲು ಬಗ್ಗಿದವಳ ಹಾಗೆ ಕೂರಬೇಕು, ಕೈಯಲ್ಲೇನೇ ಅದು, ಎಂದಳು ಅಕ್ಕ, ಏನಿಲ್ಲ ಅಕ್ಕ, ಏನಿಲ್ಲ, ಬಲಗೈ ಉರಿಯುತ್ತಿದೆ, ಆಗಿನಿಂದ ಉರಿಯುತ್ತಿದೆ, ಮುಷ್ಟಿ ಬಿಚ್ಚಿದಳು, ಅಂಗೈಯ ನಡುವೆ, ಮೊನೆ ಒಳಗೆ, ಕೆಂಪು ತಲೆ ಮೇಲೆ, ನೆಟ್ಟಗೆ ನಿಂತಿದೆ ಗುಂಡುಸೂಜಿ.